ಹಿಡಿಯುವ ಕೈ ಸರಿಯಿತ್ತು

ರಂಗಪ್ಪನವರ ಎಡಗೈಯ ಎರಡು ಬೆರಳು ಹೋದದ್ದು ನನ್ನ ಕೆಟ್ಟ ರಿಪೇರಿಯಿಂದ. ಸೆಲ್ವಂನ ಕೆಲಸ ಹೋದದ್ದು ನನ್ನ ಒಂದು ಸುಳ್ಳಿನಿಂದ. ಇಷ್ಟನ್ನು ಬರೆಯಲು ನನಗೆ ಹನ್ನೊಂದು ವರ್ಷ ಬೇಕಾಯಿತು — ಬರೆದ ಮೇಲೆ ನೋಡಿದರೆ ಎರಡೇ ಸಾಲು.

ನಾನು ಸರೋಜ. ಶಿವಮೊಗ್ಗದ ಹೊಸಮನೆಯಲ್ಲಿ ನಮ್ಮದೊಂದು ರಿಪೇರಿ ಅಂಗಡಿ. ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ, ಯಾರಾದರೂ ಇನ್ನೂ ಬಿಸಾಡದೆ ಇಟ್ಟುಕೊಂಡಿದ್ದರೆ ರೇಡಿಯೋ. ಅಂಗಡಿ ಅಪ್ಪನದು. ಅವರಿಗೆ ಲಕ್ವ ಹೊಡೆದ ಮೇಲೆ ಅವರ ಸ್ಟೂಲಿನ ಮೇಲೆ ನಾನು ಕೂತೆ. ಮೊದಮೊದಲು ಬಂದವರೆಲ್ಲ ಒಳಗೆ ಇಣುಕಿ, "ರಿಪೇರಿಯವ್ರು ಇಲ್ವಾ?" ಎನ್ನುತ್ತಿದ್ದರು. ನಾನೇ ಎಂದರೆ, "ಪರ್ವಾಗಿಲ್ಲ, ಆಮೇಲೆ ಬರ್ತೀವಿ" ಎಂದು ಮಿಕ್ಸಿಯನ್ನು ಕಂಕುಳಲ್ಲೇ ಇಟ್ಟುಕೊಂಡು ಹೊರಟುಬಿಡುತ್ತಿದ್ದರು. ಹಾಗಾಗಿ ನನಗೊಂದು ಚಟ ಹತ್ತಿತು. ಏನೇ ಬರಲಿ, 'ನನ್ನಿಂದ ಆಗಲ್ಲ' ಎಂದು ಮಾತ್ರ ಹೇಳದಿರುವ ಚಟ. ಇದನ್ನು ಸಬೂಬಾಗಿ ಹೇಳುತ್ತಿಲ್ಲ. ಆ ಚಟ ಎಲ್ಲಿಗೆ ಮುಟ್ಟಿತು ಎಂದು ಹೇಳಬೇಕಾಗಿದೆ, ಅದಕ್ಕೇ ಹೇಳಿದೆ.

ಊರಾಚೆ ಆಗ ಒಂದು ಸಾಮಿಲ್ ಇತ್ತು. ಈಗಿಲ್ಲ, ಹೆಸರು ಬೇಡ. ಅಲ್ಲಿ ಮರದ ದಿಮ್ಮಿಗಳನ್ನು ಗರಗಸಕ್ಕೆ ಕೊಡುವ ಮೊದಲು ಅವುಗಳ ಮೇಲೆ ಒಂದು ಮೆಟಲ್ ಡಿಟೆಕ್ಟರ್ ಆಡಿಸುತ್ತಿದ್ದರು. ಉದ್ದನೆಯ ಕೋಲು, ಮೇಲೆ ಒಂದು ಪೆಟ್ಟಿಗೆ, ಕೆಳತುದಿಯಲ್ಲಿ ಊಟದ ತಟ್ಟೆಯಷ್ಟು ಅಗಲದ ಪ್ಲಾಸ್ಟಿಕ್ ತಟ್ಟೆ. ಒಳಗೆ ಲೋಹ ಇದ್ದರೆ ಕೂಗುತ್ತದೆ. ಮರಕ್ಕೆ ಯಾಕೆ ಡಿಟೆಕ್ಟರ್ ಅನ್ನುತ್ತೀರೋ ಏನೋ — ನಮ್ಮ ಜನ ರಸ್ತೆಬದಿಯ ಮರಕ್ಕೆ ಏನು ಹೊಡೆದಿಲ್ಲ ಹೇಳಿ! ಟ್ಯೂಷನ್ ಬೋರ್ಡು, 'ಮನೆ ಬಾಡಿಗೆಗಿದೆ' ಬೋರ್ಡು, ಬಟ್ಟೆ ಒಣಹಾಕುವ ತಂತಿ. ಬೋರ್ಡು ಬಿದ್ದುಹೋಗುತ್ತದೆ, ಮೊಳೆ ಉಳಿಯುತ್ತದೆ. ಮರ ಬೆಳೆದು ಅದನ್ನು ನುಂಗಿಕೊಳ್ಳುತ್ತದೆ. ಓಡುವ ಗರಗಸದ ಬ್ಲೇಡಿಗೆ ಅಂಥ ಮೊಳೆ ಸಿಕ್ಕರೆ ಬ್ಲೇಡು ತುಂಡಾಗುತ್ತದೆ, ತುಂಡಾದ ಬ್ಲೇಡು ಎದುರಿಗಿದ್ದವರನ್ನು ಬಿಡುವುದಿಲ್ಲ.

ಆ ಡಿಟೆಕ್ಟರ್ ಹಿಡಿಯುವವನು ಸೆಲ್ವಂ. ಭದ್ರಾವತಿಯವನು. ತಾತನ ಕಾಲದಲ್ಲಿ ಅಲ್ಲಿನ ಕಬ್ಬಿಣದ ಕಾರ್ಖಾನೆ ಕೆಲಸಕ್ಕೆಂದು ತಮಿಳುನಾಡಿನಿಂದ ಬಂದ ಮನೆ. ದಿನಾ ಬಸ್ಸಿನಲ್ಲಿ ಬಂದುಹೋಗುತ್ತಿದ್ದ. ಗರಗಸದ ಮುಂದೆ ನಿಲ್ಲುತ್ತಿದ್ದವರು ರಂಗಪ್ಪ, ಇಲ್ಲೇ ಶಿವಮೊಗ್ಗದವರು. ವಯಸ್ಸಿನಲ್ಲಿ ಹದಿನೈದು ವರ್ಷ ಅಂತರವಿದ್ದರೂ ಇಬ್ಬರೂ ಒಂದೇ ಡಬ್ಬಿಯಲ್ಲಿ ಊಟ ಮಾಡುತ್ತಿದ್ದರಂತೆ. ಸೆಲ್ವಂ 'ಹೂಂ' ಅನ್ನದೆ ರಂಗಪ್ಪ ಯಾವ ದಿಮ್ಮಿಯನ್ನೂ ಮುಂದಕ್ಕೆ ತಳ್ಳುತ್ತಿರಲಿಲ್ಲ.

ಒಂದು ದಿನ ಆ ಡಿಟೆಕ್ಟರಿನ ಪ್ಲಾಸ್ಟಿಕ್ ಬೋಲ್ಟು ಮುರಿಯಿತು. ತಟ್ಟೆಯ ಮೇಲೆ ಎರಡು ಪ್ಲಾಸ್ಟಿಕ್ ಕಿವಿಗಳಿರುತ್ತವೆ, ಅವುಗಳ ನಡುವೆ ಕೋಲಿನ ತುದಿ, ಮೂರನ್ನೂ ಸೇರಿಸಿ ಹಿಡಿಯುವ ಬೋಲ್ಟು ಅದು. ಸೆಲ್ವಂ ಬೆಳಿಗ್ಗೆಯೇ ತಂದಿಟ್ಟ. ಲಾರಿಯಲ್ಲಿ ಮರ ಬಂದು ನಿಂತಿದೆ, ಮಧ್ಯಾಹ್ನಕ್ಕೆ ಬೇಕು ಎಂದ. ಪ್ಲಾಸ್ಟಿಕ್ ಬೋಲ್ಟು ನನ್ನ ಹತ್ತಿರ ಇರಲಿಲ್ಲ, ಗಾಂಧಿಬಜಾರಿನಲ್ಲಿ ಕೇಳಿದರೂ ಇರಲಿಲ್ಲ. ಇಲ್ಲ ಎನ್ನಬಹುದಿತ್ತು — ಅಂದೆನಾ? ನಾವು ಕಬ್ಬಿಣದ ಊರಿನ ಪಕ್ಕದವರು. ಪ್ಲಾಸ್ಟಿಕ್ ಮುರಿದರೆ ಅದರ ಜಾಗಕ್ಕೆ ಕಬ್ಬಿಣ ಹಾಕುವುದನ್ನೇ ನಾವು ರಿಪೇರಿ ಎನ್ನುವುದು. ಬಕೆಟ್ಟಿನ ಹಿಡಿಗೂ ಅದೇ, ಕುರ್ಚಿಯ ಕಾಲಿಗೂ ಅದೇ. ಡಬ್ಬಿಯಿಂದ ಒಂದು ಕಬ್ಬಿಣದ ಬೋಲ್ಟು ತೆಗೆದು ಹಾಕಿ ಬಿಗಿದೆ.

ಸ್ವಿಚ್ಚು ಹಾಕಿದ ಕೂಡಲೇ ಮಿಷನ್ ಕೂಗಲು ಶುರುಮಾಡಿತು, ನಿಲ್ಲಿಸಲೇ ಇಲ್ಲ. ಕೂಗದೆ ಇನ್ನೇನು! ಲೋಹ ಹುಡುಕುವ ತಟ್ಟೆಯ ಮೇಲೆಯೇ ಲೋಹ ಕೂರಿಸಿದ್ದೆ. ಅಲ್ಲಿಗೆ ನನಗೆ ಗೊತ್ತಾಗಬೇಕಿತ್ತು. ಅಲ್ಲ, ಗೊತ್ತಾಯಿತು. ಸುಳ್ಳು ಹೇಳಬಾರದು ಎಂದೇ ಬರೆಯಲು ಕೂತಿದ್ದೇನೆ. ಗೊತ್ತಾಯಿತು, ಆದರೂ ಪೆಟ್ಟಿಗೆ ಬಿಚ್ಚಿ ಒಳಗಿನ ಪುಟ್ಟ ತಿರುಪನ್ನು ಅದು ಬಾಯಿ ಮುಚ್ಚುವ ತನಕ ತಿರುಗಿಸಿದೆ. ಆಮೇಲೆ ನನ್ನ ದೊಡ್ಡ ಇಕ್ಕಳವನ್ನು ಅದರ ಮುಂದೆ ಹಿಡಿದೆ. ಕೂಗಿತು. ಸಾಕು ಎಂದುಕೊಂಡೆ. ಕಿವಿ ಸ್ವಲ್ಪ ಮಂದವಾಗಿದೆ ಅಷ್ಟೇ, ಅಪ್ಪನಿಗೂ ಮಂದ, ಅವರು ಬದುಕಿಲ್ಲವೇ — ಹೀಗೊಂದು ತಮಾಷೆ ಕೂಡ ಮನಸ್ಸಿನಲ್ಲೇ ಮಾಡಿಕೊಂಡದ್ದು ನೆನಪಿದೆ.

ಮಧ್ಯಾಹ್ನ ಸೆಲ್ವಂ ಬಂದ. ಅಂಗಡಿಯ ಬಾಗಿಲ ಚೌಕಟ್ಟಿನ ಮೇಲೆ ಒಮ್ಮೆ ಆಡಿಸಿ ನೋಡಿ, ಹುಬ್ಬು ಗಂಟಿಕ್ಕಿದ.

"ಅಕ್ಕ, ಮೊದ್ಲು ಗುಂಡುಸೂಜಿಗೂ ಕೂಗ್ತಿತ್ತು. ಈಗ ಯಾಕೋ ಸುಮ್ನಿದೆ."

"ಹೊಸದಾಗಿ ಸೆಟ್ ಮಾಡಿದೀನಿ ಕಣೋ. ಇನ್ಮೇಲೆ ಸುಮ್ಸುಮ್ನೆ ಕೂಗಲ್ಲ. ಕಬ್ಬಿಣದ ಬೋಲ್ಟು ಹಾಕಿದೀನಿ, ಜನ್ಮದಲ್ಲಿ ಮುರಿಯಲ್ಲ."

ಅವನು ತಲೆಯಾಡಿಸಿ ತೆಗೆದುಕೊಂಡು ಹೋದ. ಗುಂಡುಸೂಜಿಯ ಮಾತೆತ್ತಿದ್ದನಲ್ಲ — ಆಗಲೇ ನಿಲ್ಲಿಸಬಹುದಿತ್ತು. ತಿಳಿದವನ ಅನುಮಾನವನ್ನು ತಿಳಿದವಳಂತೆ ನಟಿಸಿ ಬಾಯಿ ಮುಚ್ಚಿಸಿದೆ.

ಎರಡು ತಿಂಗಳು ಏನೂ ಆಗಲಿಲ್ಲ. ದೊಡ್ಡ ಮೊಳೆಗಳನ್ನು ಅದು ಹಿಡಿಯುತ್ತಿತ್ತೆಂದು ಕಾಣುತ್ತದೆ. ಆಮೇಲೆ ರಸ್ತೆ ಅಗಲ ಮಾಡಲು ಕಡಿದ ಒಂದು ಹಳೆಯ ಮಳೆಮರ ಬಂತಂತೆ. ಸೆಲ್ವಂ ಎರಡು ಸಲ ಮಿಷನ್ ಆಡಿಸಿ 'ಹೂಂ' ಎಂದನಂತೆ. ಒಳಗೆ ಕಿರುಬೆರಳುದ್ದದ ಮೊಳೆ. ಬ್ಲೇಡು ತುಂಡಾಗಿ ರಂಗಪ್ಪನವರ ಎಡಗೈಗೆ ಬಡಿಯಿತು.

ಮರುದಿನ ಬೆಳಿಗ್ಗೆ ಮಿಲ್ಲಿನವರೊಬ್ಬರು ಮಿಷನ್ನನ್ನು ನನ್ನ ಮೇಜಿನ ಮೇಲಿಟ್ಟು, ಸಾಹುಕಾರರು ಮಧ್ಯಾಹ್ನ ಬರುತ್ತಾರೆ, ಇದು ಸರಿ ಇದೆಯೋ ಇಲ್ಲವೋ ನೋಡಿಡಬೇಕಂತೆ ಎಂದು ಹೇಳಿ, ರಂಗಪ್ಪನವರ ವಿಷಯವನ್ನೂ ತಿಳಿಸಿ ಹೋದರು. ನಾನು ನೆಲದ ಮೇಲೆ ಒಂದು ಸಣ್ಣ ಮೊಳೆ ಇಟ್ಟು ತಟ್ಟೆಯನ್ನು ಆಡಿಸಿದೆ. ಸದ್ದಿಲ್ಲ. ಇನ್ನೂ ಹತ್ತಿರ ತಂದೆ. ಸದ್ದಿಲ್ಲ. ಮೊಳೆಗೆ ತಟ್ಟೆ ತಾಗಿಸಿದರೂ ಸದ್ದಿಲ್ಲ.

ಆಮೇಲೆ ನಾನು ಮಾಡಿದ್ದನ್ನು ಹೇಳುವುದೇ ಕಷ್ಟ. ಕಬ್ಬಿಣದ ಬೋಲ್ಟು ತೆಗೆದೆ. ಮನೆಯೊಳಗಿನಿಂದ ಒಂದು ಹಳೆಯ ಹಲ್ಲುಜ್ಜುವ ಬ್ರಷ್ಷು ತಂದು, ಹಿಡಿಯನ್ನು ಕತ್ತರಿಸಿ, ಅರದಿಂದ ಉಜ್ಜಿ, ತೂತಿಗೆ ತೂರಿಸಿ, ಎರಡೂ ತುದಿಯನ್ನು ಕಾದ ಚಾಕುವಿನಿಂದ ಒತ್ತಿ ಚಪ್ಪಟೆ ಮಾಡಿದೆ. ಒಳಗಿನ ತಿರುಪನ್ನು ಮೊದಲಿನ ಜಾಗಕ್ಕೆ ತಂದೆ. ಮಿಷನ್ ಗುಂಡುಸೂಜಿಗೂ ಕೂಗಿತು. ಎಲ್ಲ ಸೇರಿ ಅರ್ಧ ಗಂಟೆಯ ಕೆಲಸ. ಎರಡು ತಿಂಗಳ ಹಿಂದೆ ಈ ಅರ್ಧ ಗಂಟೆ ನನ್ನ ಹತ್ತಿರ ಇರಲಿಲ್ಲವೇ? ಇತ್ತು. ಅಂದು ಕೂಡ ಮನೆಯೊಳಗೆ ಬ್ರಷ್ಷು ಇತ್ತು. ಹೊಳೆಯಲಿಲ್ಲ, ಹೊಳೆಯುವಷ್ಟು ಹೊತ್ತು ನಾನು ಯೋಚಿಸಲಿಲ್ಲ.

ಇನ್ನು ಯಾರಿಗೂ ಅಪಾಯವಾಗಬಾರದು ಎಂದು ಸರಿ ಮಾಡಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದೂ ಅರ್ಧ ನಿಜ. ಇನ್ನರ್ಧ, ಮಧ್ಯಾಹ್ನ ಸಾಹುಕಾರರು ಬರುವವರಿದ್ದರು.

ಬಂದರು. ಹಿಂದೆ ಸೆಲ್ವಂ ನಿಂತಿದ್ದ. ನಾನು ಮೇಜಿನ ಮೇಲೆ ಮೊಳೆ ಇಟ್ಟು ಮಿಷನ್ ಆಡಿಸಿದೆ. ಕಿರುಚಿತು. ಸೆಲ್ವಂ ಮುಂದೆ ಬಂದು ನನ್ನ ಕೈಯಿಂದ ಕೋಲು ತೆಗೆದುಕೊಂಡು ತಾನೇ ಆಡಿಸಿದ. ಕಿರುಚಿತು. ಮತ್ತೆ ಆಡಿಸಿದ. ಸಾಹುಕಾರರು ನನ್ನ ಮುಖ ನೋಡಿದರು. ಆಗ ನಾನು ಹೇಳಿದೆ —

"ಮಿಷನ್ ಸರಿಯಾಗೇ ಇದೆ. ಹಿಡಿಯೋ ಕೈ ಸರಿ ಇರ್ಬೇಕು."

ಮೊದಲ ಮಾತೇ ಸಾಕಿತ್ತು. ಎರಡನೆಯದನ್ನು ಯಾಕೆ ಸೇರಿಸಿದೆ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಅವನಿಗಿಂತ ಜಾಣೆ, ಪಕ್ಕದವನ ಹೆಗಲು ತೋರಿಸಿದೆ. ಸೆಲ್ವಂ ಜಗಳ ಮಾಡಲಿಲ್ಲ. ಬೋಲ್ಟಿನ ಕಡೆ ಅವನ ಕಣ್ಣು ಹೋಗಲೇ ಇಲ್ಲ. ಕೋಲನ್ನು ಮೇಜಿಗೆ ಒರಗಿಸಿ ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡ. ಅಂದೇ ಅವನನ್ನು ಕೆಲಸದಿಂದ ತೆಗೆದರು. ಕುಡಿದು ಬಂದಿದ್ದನಂತೆ ಎಂದು ಯಾರೋ ಹಬ್ಬಿಸಿದರು. ಅದು ನನ್ನ ಕಿವಿಗೂ ಬಿತ್ತು. ಸುಮ್ಮನಿದ್ದೆ.

ರಂಗಪ್ಪನವರು ಆಮೇಲೆ ವಿನೋಬನಗರದ ಒಂದು ಕಲ್ಯಾಣಮಂಟಪದ ಗೇಟಿನಲ್ಲಿ ಕಾವಲಿಗೆ ಕೂತರು. ಆ ದಾರಿಯಲ್ಲಿ ನಮ್ಮ ನೆಂಟರ ಮನೆಯಿದೆ. ಹನ್ನೊಂದು ವರ್ಷದಿಂದ ನಾನು ಸುತ್ತು ಬಳಸಿ ಹಿಂದಿನ ರಸ್ತೆಯಿಂದ ಹೋಗುತ್ತೇನೆ. ಒಂದು ಸಲ ನನ್ನ ತಂಗಿ, "ಏನ್ ಅಕ್ಕ, ಆ ಗೇಟಲ್ಲಿ ಹುಲಿ ಕೂತಿದ್ಯಾ?" ಎಂದು ನಕ್ಕಳು. ನಾನೂ ನಕ್ಕೆ.

ಈ ವರ್ಷ, ಯುಗಾದಿ ಕಳೆದ ಮೇಲೆ ಒಂದು ಸೋಮವಾರ, ಸೆಲ್ವಂ ಅಂಗಡಿಗೆ ಬಂದ. ತಲೆಗೂದಲು ಅರ್ಧ ಬೆಳ್ಳಗಾಗಿತ್ತು. ಕೈಯಲ್ಲಿ ಅದೇ ಡಿಟೆಕ್ಟರ್. ಮಿಲ್ಲು ಮುಚ್ಚಿದಾಗ ಸಾಮಾನುಗಳ ಜೊತೆ ಅದನ್ನೂ ಮಾರಿದರಂತೆ, ಇವನು ತೆಗೆದುಕೊಂಡಿದ್ದಾನೆ. ಈಗ ಭದ್ರಾವತಿಯಲ್ಲಿ ಅವನದೇ ಒಂದು ಶೆಡ್ಡು. ಹಳೆಯ ಮನೆ ಕೆಡವಿದಾಗ ಸಿಗುವ ತೊಲೆ, ಬಾಗಿಲುಗಳನ್ನು ತಂದು, ಮೊಳೆ ಕಿತ್ತು, ಹತ್ತರಿ ಹೊಡೆದು ನುಣುಪು ಮಾಡಿ ಮಾರುತ್ತಾನೆ.

ತಟ್ಟೆಯ ಒಂದು ಕಿವಿ ಬುಡದಲ್ಲೇ ಮುರಿದಿತ್ತು. ಇನ್ನೊಂದು ಕಿವಿಯಲ್ಲಿ ಬ್ರಷ್ಷಿನ ಪಿನ್ನು ಹಾಗೇ ನೇತಾಡುತ್ತಿತ್ತು, ಹಳದಿಗಟ್ಟಿ.

"ಈ ಪಿನ್ನು ನೀವೇ ಹಾಕಿದ್ದಲ್ವಾ ಅಕ್ಕ?" ಎಂದ. "ಗಟ್ಟಿ ಕೆಲ್ಸ. ಕಿವಿ ಹೋಯ್ತು, ಇದು ಹೋಗ್ಲಿಲ್ಲ. ಅದ್ಕೇ ನಿಮ್ಮ ಹತ್ರಾನೇ ತಂದೆ."

ಅಂದು ನಾನು ಕಬ್ಬಿಣದ ಬೋಲ್ಟು ಎಂದಿದ್ದು ಅವನಿಗೆ ನೆನಪಿದ್ದಂತಿರಲಿಲ್ಲ. ಅವನೇ ಮುಂದುವರಿಸಿದ. ಈ ಮಿಷನ್ ಆಡಿಸದೆ ಅವನು ಮರಕ್ಕೆ ಹತ್ತರಿ ಮುಟ್ಟಿಸುವುದಿಲ್ಲವಂತೆ. ಎರಡು ಸಲ ಮಿಷನ್ ಓಡಿಸಿ, ಮೂರನೆಯ ಸಲ ಬರಿಗೈ ಆಡಿಸಿ, ಆಮೇಲೂ ಒಂದು ಸಲ ಹೆಂಡತಿಯಿಂದ ನೋಡಿಸುತ್ತಾನಂತೆ.

"ನನ್ನ ಕೈ ಮೇಲೆ ನನ್ಗೆ ನಂಬ್ಕೆ ಇಲ್ಲ ಅಕ್ಕ. ಅವತ್ತು ನೀವು ಹೇಳಿದ್ರಲ್ಲ. ಎಲ್ಲೋ ಒಂದು ಗೇಣು ಜಾಗ ಬಿಟ್ಬಿಟ್ಟಿದೀನಿ. ಎಷ್ಟು ನೆನಪು ಮಾಡ್ಕೊಂಡ್ರೂ ಎಲ್ಲಿ ಬಿಟ್ಟೆ ಅಂತ ಗೊತ್ತಾಗಲ್ಲ."

ನಾನು ಅವನ ಕೆಲಸ ಕಳೆದಿದ್ದೇನೆ, ಹೆಸರು ಕೆಡಿಸಿದ್ದೇನೆ ಎಂದಷ್ಟೇ ತಿಳಿದುಕೊಂಡಿದ್ದೆ. ಅವನು ನನ್ನನ್ನು ನಂಬಿದ್ದಾನೆ ಎಂದು ಗೊತ್ತಿರಲಿಲ್ಲ. ನನ್ನ ಮೇಲೆ ಅನುಮಾನಪಟ್ಟು, ಮನಸ್ಸಿನಲ್ಲಾದರೂ ಬೈದುಕೊಂಡಿದ್ದರೆ — ಎಷ್ಟೋ ಚೆನ್ನಾಗಿತ್ತು.

"ನಾಲ್ಕು ದಿನ ಬೇಕು ಸೆಲ್ವಂ," ಎಂದೆ. ಬೇಗ ಆಗಲ್ಲ ಎಂದು ಗಿರಾಕಿಗೆ ಹೇಳಿದ್ದು ಅದೇ ಮೊದಲಿರಬೇಕು.

ಮುರಿದ ಪ್ಲಾಸ್ಟಿಕ್ಕಿಗೆ ನಮ್ಮಲ್ಲಿ ಸುಲಭದ ದಾರಿಯೊಂದಿದೆ. ತಂತಿ ಕಾಯಿಸಿ ಒಳಗೆ ಹೂತು ಹೊಲಿಗೆ ಹಾಕುವುದು. ಗಾಡಿಯ ಮಡ್‌ಗಾರ್ಡಿಗೆ ನಾನೂ ಹಾಗೇ ಮಾಡುತ್ತೇನೆ. ಇಲ್ಲಿ ತಂತಿಯ ಮಾತೇ ಇಲ್ಲ. ಮೂಲೆಯಲ್ಲಿದ್ದ ಹಳೆಯ ಟಿವಿಯ ಹಿಂಬದಿಯ ಪ್ಲಾಸ್ಟಿಕ್ ಕತ್ತರಿಸಿ ಪುಡಿ ಮಾಡಿ, ಗಾಜಿನ ಬಾಟಲಿಯಲ್ಲಿ ಥಿನ್ನರ್ ಹಾಕಿ ನೆನೆಯಿಟ್ಟೆ. ಮರುದಿನ ದೋಸೆಹಿಟ್ಟಿನ ಹದಕ್ಕೆ ಬಂದಿತ್ತು. ಬಿರುಕಿನ ಎರಡೂ ಬದಿಯನ್ನು ಕೆರೆದು, ಆ ಹಿಟ್ಟು ತುಂಬಿ, ಕಿವಿಯನ್ನು ಕೂರಿಸಿ, ಆಚೀಚೆ ಅದೇ ಪ್ಲಾಸ್ಟಿಕ್ಕಿನ ಎರಡು ಪಟ್ಟಿ ಅಂಟಿಸಿ, ದಾರ ಸುತ್ತಿ ಬಿಟ್ಟೆ. ಒಣಗಲು ಎರಡು ದಿನ. ಮುಟ್ಟಿ ನೋಡಬೇಕೆನಿಸಿದರೂ ಮುಟ್ಟಲಿಲ್ಲ. ಆ ಎರಡು ದಿನ ಅದನ್ನು ನೋಡುತ್ತ ಕೂತಾಗ ನನಗೆ ಹೇಳಲೇಬೇಕು ಎನಿಸಿತು. ಯಾವ ದೊಡ್ಡ ಜ್ಞಾನೋದಯವೂ ಅಲ್ಲ. ಸರಿಯಾಗಿ ಮಾಡಿದ ಕೆಲಸವನ್ನು ಅವನ ಕೈಗೆ ಕೊಟ್ಟು, ಅವನಿಂದ ಇನ್ನೊಂದು 'ಗಟ್ಟಿ ಕೆಲ್ಸ' ಕೇಳಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ, ಅಷ್ಟೇ.

ಶುಕ್ರವಾರ ಬೆಳಿಗ್ಗೆ ಬಂದ. ಕೂರಲು ಹೇಳಿ, ಕಬ್ಬಿಣದ ಬೋಲ್ಟಿನಿಂದ ಶುರುಮಾಡಿ ಬ್ರಷ್ಷಿನ ತನಕ ಎಲ್ಲವನ್ನೂ ಹೇಳಿದೆ. ಅಳಬಾರದು ಎಂದುಕೊಂಡಿದ್ದೆ, ಅತ್ತರೆ ಅವನೇ ಸಮಾಧಾನ ಮಾಡಲು ಬರುವಂಥವನು. ಅಳಲಿಲ್ಲ.

ರಸ್ತೆಯಲ್ಲಿ ಒಂದು ಸಿಟಿ ಬಸ್ಸು ಹೋಯಿತು, ಹಿಂದೆಯೇ ಇನ್ನೊಂದು ಹೋಯಿತು.

"ಹಂಗಾದ್ರೆ ಅವತ್ತು ನನ್ನ ಕೈ ಸರಿ ಇತ್ತಾ ಅಕ್ಕ?"

"ಸರಿ ಇತ್ತು."

"ಇನ್ನೊಂದ್ಸಲ ಹೇಳಿ."

"ನಿನ್ನ ಕೈ ಸರಿ ಇತ್ತು ಸೆಲ್ವಂ. ನೀನು ಒಂದು ಗೇಣೂ ಬಿಟ್ಟಿರ್ಲಿಲ್ಲ. ಮಿಷನ್ ಕಿವುಡಾಗಿತ್ತು. ಮಾಡಿದ್ದು ನಾನು."

ಅವನು ಎದ್ದ. ಮುಖ ಕೆಂಪಾಗಿತ್ತು. ಬೈಯುತ್ತಾನೆ ಎಂದುಕೊಂಡೆ, ಬೈಯಲಿ ಎಂದೂ ಇತ್ತು.

"ನನ್ಗೆ ಹೇಳಿದ್ದು ಸಾಲಲ್ಲ," ಎಂದ. "ಆಸ್ಪತ್ರೆಗೆ ನೋಡಕ್ಕೆ ಹೋದಾಗ ರಂಗಣ್ಣ ಗೋಡೆ ಕಡೆ ತಿರುಗಿ ಮಲ್ಕೊಂಡ್ರು. ಮಾತು ಬಿಟ್ಟು ಹನ್ನೊಂದು ವರ್ಷ ಆಯ್ತು. ಅವ್ರಿಗೆ ಹೇಳಿ. ಆಮೇಲೆ ಬಂದು ಮಿಷನ್ ತಗೊಂಡು ಹೋಗ್ತೀನಿ."

ಹೋದವನು ತಿರುಗಿ ನೋಡಲಿಲ್ಲ.

ನಾನು ಅಂಗಡಿ ಮುಚ್ಚಿದೆ. ಊಟ ಮಾಡಿ ಹೋದರಾಯಿತು ಎನಿಸಿತು, ಅದು ನನ್ನ ಹಳೆಯ ಬುದ್ಧಿ ಎಂದು ಗೊತ್ತಾಗಿ ಹಾಗೇ ಹೊರಟೆ. ಈ ಸಲ ಮುಂದಿನ ರಸ್ತೆಯಿಂದಲೇ. ಮಂಟಪದಲ್ಲಿ ಮದುವೆ ಇರಲಿಲ್ಲ. ರಂಗಪ್ಪನವರು ಗೇಟಿನ ಪಕ್ಕ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದರು, ಮೂರು ಬೆರಳಿನ ಕೈಯಲ್ಲಿ ಹಾಳೆ ಒತ್ತಿ ಹಿಡಿದು. ಆ ಕೈಯನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಕಣ್ಣು ತೆಗೆಯದೆ ನೋಡಿದೆ. ನಿಂತೇ ಎಲ್ಲ ಹೇಳಿದೆ.

ಅವರು ಪೇಪರ್ ಮಡಿಚಿದರು. ಮತ್ತೆ ಬಿಚ್ಚಿದರು. ಮತ್ತೆ ಮಡಿಚಿದರು.

"ಅಲ್ಲ ಮಾರಾಯ್ತಿ," ಎಂದರು ಕೊನೆಗೆ. "ಬೆರಳು ಹೋದ್ರೆ ಹೋಗ್ಲಿ. ಆ ಹುಡುಗ ಕುಡಿದು ಬಂದಿದ್ದ ಅಂದ್ರು. ಅವ್ನು ಕುಡಿಯಲ್ಲ ಅಂತ ನನ್ಗೆ ಗೊತ್ತಿತ್ತು. ದಿನಾ ಪಕ್ಕದಲ್ಲಿ ಕೂತು ಉಂಡೋನು, ನನ್ಗೆ ಗೊತ್ತಿರಲ್ವಾ? ಆದ್ರೂ ನಂಬಿಬಿಟ್ಟೆ. ಥೂ!"

ಆ 'ಥೂ' ಯಾರಿಗೆಂದು ನಾನು ಕೇಳಲಿಲ್ಲ. ನನಗೂ ಅವರಿಗೂ ಪಾಲು ಇತ್ತೇನೋ. ಅವರು ಎದ್ದು ಚಪ್ಪಲಿ ಮೆಟ್ಟಿ, ಗೇಟಿಗೆ ಬೀಗ ಹಾಕಿದರು.

"ನಡಿ. ಮೊದ್ಲು ಅವ್ನ ಹತ್ರ ಕರ್ಕೊಂಡು ಹೋಗು. ನಿನ್ನ ಜೊತೆ ಜಗಳ ಆಮೇಲೆ."

ಭದ್ರಾವತಿಯ ಬಸ್ಸಿನಲ್ಲಿ ನಾನು ಮುಂದೆ ಕೂತೆ, ಅವರು ಹಿಂದಿನ ಸೀಟಿಗೆ ಹೋದರು. ಇಳಿದ ಮೇಲೆ ವಿಳಾಸ ಕೇಳಿಕೊಂಡು ಮುಂದೆ ಮುಂದೆ ನಡೆದೆ. ಸೆಲ್ವಂ ಶೆಡ್ಡಿನಲ್ಲಿ ಒಂದು ತೊಲೆಯ ಮೇಲೆ ಬಗ್ಗಿ ಮೊಳೆ ಕೀಳುತ್ತಿದ್ದ. ನಾನು ಬೇಲಿಯ ಹತ್ತಿರವೇ ನಿಂತೆ. ರಂಗಪ್ಪನವರು ಒಳಗೆ ಹೋದರು. ಸೆಲ್ವಂ ತಲೆಯೆತ್ತಿ ನೋಡಿ, ನೆಟ್ಟಗಾದ, ಕೈಯಲ್ಲಿದ್ದ ಇಕ್ಕಳ ಕೆಳಗಿಡುವುದನ್ನೂ ಮರೆತ.

ರಂಗಪ್ಪನವರು ತೊಲೆಯನ್ನೊಮ್ಮೆ ನೋಡಿದರು, ಅವನನ್ನೊಮ್ಮೆ ನೋಡಿದರು.

"ನೋಡಾಯ್ತೇನೋ ಇದು?"

"ಇನ್ನೂ ಇಲ್ಲ ರಂಗಣ್ಣ. ಮಿಷನ್ ರಿಪೇರಿಗೆ ಕೊಟ್ಟಿದೀನಿ."

"ಮಿಷನ್ ಮನೆ ಹಾಳಾಗ್ಲಿ. ಕೈ ಆಡ್ಸಿ ನೋಡು. 'ಹೂಂ' ಅನ್ನು, ಎತ್ತಿ ಇಡಣ. ಒಂದು ಕಡೆ ನಾನು ಹಿಡೀತೀನಿ."

ಸೆಲ್ವಂ ತೊಲೆಯ ಮೇಲೆ ಕೈ ಆಡಿಸಿದ, ಒಂದು ತುದಿಯಿಂದ ಇನ್ನೊಂದು ತುದಿಗೆ, ಒಂದೇ ಸಲ. 'ಹೂಂ' ಎನ್ನಲು ಬಾಯಿ ತೆರೆದವನು ತೊಲೆಯ ಮೇಲಿದ್ದ ತನ್ನ ಕೈಯನ್ನೇ ನೋಡಿದ. ರಂಗಪ್ಪನವರು ಕಾಯ್ದರು. ನಾನು ಅಲ್ಲಿ ನಿಲ್ಲಬಾರದೆನಿಸಿ ಬಸ್ ಸ್ಟ್ಯಾಂಡಿನ ಕಡೆ ಹೊರಟೆ. ನನಗೆ ಅಳು ಬಂದದ್ದು ಆಗ.

ಜಗಳ ಬಂದದ್ದು ಮುಂದಿನ ವಾರದ ಶನಿವಾರ. ಮಿಷನ್ ತೆಗೆದುಕೊಳ್ಳಲು ಇಬ್ಬರೂ ಒಟ್ಟಿಗೆ ಬಂದರು. ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ರಂಗಪ್ಪನವರು ಅವರೆಲ್ಲರ ಎದುರಿಗೆ, ಅರ್ಧ ಗಂಟೆ, ನನಗೆ ಏನೇನು ಅನ್ನಬೇಕೋ ಅಷ್ಟನ್ನೂ ಅಂದರು. ಅದರಲ್ಲಿ ಒಂದೂ ಸುಳ್ಳಿರಲಿಲ್ಲ. ನಾನು ಸ್ಟೂಲಿನಿಂದ ಎದ್ದು ನಿಂತು ಕೇಳಿದೆ. ಬಿಡಿಸಲು ಸೆಲ್ವಂ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಒಬ್ಬ ಗಿರಾಕಿ ಕೂಡ ಎದ್ದು ಹೋಗಲಿಲ್ಲ. ಒಬ್ಬಾಕೆ ತನ್ನ ಮಿಕ್ಸಿಯನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು, ಕೊಡಬೇಕೋ ಬೇಡವೋ ಎಂದು ಯೋಚಿಸುತ್ತ. ಅವಳು ಹಾಗೆ ಯೋಚಿಸಬೇಕಾದದ್ದೇ. ಅವಳ ಮಿಕ್ಸಿ ನೋಡಿ, ಇದರ ಮೋಟರು ನನ್ನಿಂದ ಆಗಲ್ಲ, ಬೇರೆ ಕಡೆ ತೋರಿಸಿ ಎಂದು ಹೇಳಿ ಕಳಿಸಿದೆ.

ರಂಗಪ್ಪನವರಿಗೆ ಸುಸ್ತಾಗಿತ್ತು. ನೀರು ಕೊಟ್ಟೆ. ಕುಡಿಯಲಿಲ್ಲ. ಲೋಟವನ್ನು ಸೆಲ್ವಂಗೆ ದಾಟಿಸಿ, ಮೆಟ್ಟಿಲು ಇಳಿದು, ರಸ್ತೆಯಿಂದಲೇ ಹೇಳಿದರು —

"ಇನ್ನೂ ಮುಗ್ದಿಲ್ಲ. ಉಳಿದಿದ್ದು ಮುಂದಿನ ಶನಿವಾರ."

"ಬನ್ನಿ," ಎಂದೆ. "ಇರ್ತೀನಿ."

ಇಬ್ಬರೂ ಆಟೋ ಸ್ಟ್ಯಾಂಡಿನ ಕಡೆ ನಡೆದರು, ಯಾವುದೋ ಬಾಗಿಲ ಚೌಕಟ್ಟು ಹಲಸೋ ತೇಗವೋ ಎಂದು ವಾದ ಮಾಡುತ್ತ. ಇದನ್ನು ಬರೆಯುತ್ತಿರುವ ಇವತ್ತು ಗುರುವಾರ, ಶನಿವಾರಕ್ಕೆ ಇನ್ನು ಎರಡು ದಿನವಿದೆ. ಆ ದಿನಕ್ಕೆ ಬೇರೆ ಕೆಲಸ ಒಪ್ಪಿಕೊಂಡಿಲ್ಲ.